ಮರೆಗೆ ಐದು ಅಂಕ

ಬಾದಾಮಿ, ಹುನಗುಂದ, ಇಳಕಲ್ಲು, ಈ ಮೂರು ಊರುಗಳ ಹತ್ತೊಂಬತ್ತು ಬಾರುಗಳಿಗೆ ನಾನು ಅಂಕ ಕೊಟ್ಟಿದ್ದೇನೆ. ಹೆಮ್ಮೆಯಿಂದ ಹೇಳುತ್ತಿಲ್ಲ. ಹೇಳಬಾರದೆಂದೇ ಬಹಳ ದಿನ ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಮುಚ್ಚಿಕೊಂಡಿದ್ದರಿಂದ ಏನಾಯಿತು ಎಂಬುದು ಈಗ ಗೊತ್ತಾಗಿರುವುದರಿಂದ ನಿಮ್ಮ ಮುಂದೆ ಬಿಚ್ಚಿಡುತ್ತಿದ್ದೇನೆ.

ಅಂಕ ಕೊಡುವುದು ನನ್ನ ಹೊಟ್ಟೆಪಾಡು. ಬಾಗಲಕೋಟೆಯ ನವನಗರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಚಾಲುಕ್ಯರ ವಾಸ್ತುಶಿಲ್ಪದ ಮೇಲೆ ಒಂದೇ ಉತ್ತರವನ್ನು ಸಾವಿರಾರು ಕೈಬರಹಗಳಲ್ಲಿ ಓದಿ ಓದಿ, ಕಂಡದ್ದಕ್ಕೆಲ್ಲ ಅಂಕ ಹಾಕುವ ಚಟ ಅಂಟಿಕೊಂಡಿದೆ. ಬೀಗರ ಮನೆಯ ಹೋಳಿಗೆಗೆ ಹಾಕುತ್ತೇನೆ, ಮದುವೆಯ ಬ್ಯಾಂಡಿಗೆ ಹಾಕುತ್ತೇನೆ, ಮನೆಯಾಕೆ ಮಾಡಿದ ಸಾರಿಗೂ ಹಾಕುತ್ತೇನೆ, ಅದನ್ನು ಮಾತ್ರ ಮನಸ್ಸಿನಲ್ಲೇ. ಇಂಥವನಿಗೆ ಬಿಯರು ಕುಡಿಯುವ ಗೆಳೆಯನೊಬ್ಬ ಸಿಕ್ಕರೆ ಬಾರುಗಳು ತಾನೇ ಹೇಗೆ ಪಾರಾದಾವು?

ಗೆಳೆಯನ ಹೆಸರು ಗುರುಸಿದ್ದಪ್ಪ. ಗುಳೇದಗುಡ್ಡದವನು, ಖಣದ ವ್ಯಾಪಾರಿ. ಮನೆಮನೆಯ ಮಗ್ಗಗಳಿಂದ ಕುಪ್ಪಸದ ಖಣ ಕೊಂಡು ಊರೂರಿನ ಅಂಗಡಿಗಳಿಗೆ ಕೊಡುತ್ತಿದ್ದ. ಕಾಲೇಜಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವನ ಅಂಗಿಯ ಜೇಬಿನಲ್ಲಿ ಪೆನ್ನು ಇರಲಿ ಬಿಡಲಿ, ಬೆರಳೆರಡರಷ್ಟು ಅಗಲದ ಒಂದು ಖಣದ ತುಂಡು ಸದಾ ಇರುತ್ತಿತ್ತು. ಗಿರಾಕಿ ಎಲ್ಲಿ ಸಿಗುತ್ತಾನೋ ಹೇಳಲಾಗದು ಎನ್ನುತ್ತಿದ್ದ. ನನ್ನ ಮಗಳ ಸೀಮಂತದಲ್ಲಿ ಆರತಿ ತಟ್ಟೆ ಹಿಡಿದ ಹೆಂಗಸರಿಗೂ ಆ ತುಂಡು ತೋರಿಸಿ ನನ್ನ ಮರ್ಯಾದೆ ಕಳೆದಿದ್ದ.

ನಾವಿಬ್ಬರೂ ಕುಡುಕರಲ್ಲ. ಕುಡುಕರಾಗಿದ್ದರೆ ಅಷ್ಟೊಂದು ಅಡಗುವುದು ಬೇಕಿರಲಿಲ್ಲ. ಹದಿನೈದು ದಿನಕ್ಕೊಮ್ಮೆ, ಕೆಲವು ತಿಂಗಳು ವಾರಕ್ಕೊಮ್ಮೆ, ಮಧ್ಯಾಹ್ನ ಒಂದೊಂದು ಬಾಟಲಿ ಬಿಯರು, ಬಹಳವೆಂದರೆ ಇಬ್ಬರ ನಡುವೆ ಮೂರನೆಯದೊಂದು. ಆದರೆ ಅವನು ಹಣೆಗೆ ಮೂರು ಬೆರಳು ವಿಭೂತಿ ಹಚ್ಚುವ ಮನೆತನದವನು, ಊರಿನ ಮಠದ ಎಲ್ಲ ಕಾರ್ಯಗಳಲ್ಲೂ ಪಂಕ್ತಿಯ ಮೊದಲು ನಿಂತು ಬಡಿಸುವವನು. ನಾನೋ, ಮಕ್ಕಳಿಗೆ ನಡತೆಯ ಪ್ರಮಾಣಪತ್ರ ಬರೆದುಕೊಡುವವನು. ನಮ್ಮಂಥವರು ಊರಲ್ಲಿ ಕುಡಿಯುವುದುಂಟೇ?

ಇಲ್ಲಿ ನಮ್ಮ ಭಾಗದ ಒಂದು ರಿವಾಜನ್ನು ಹೇಳಬೇಕು. ನಮ್ಮಲ್ಲಿ ಮರ್ಯಾದಸ್ಥರು ಯಾರೂ ತಮ್ಮ ಊರಿನಲ್ಲಿ ಕುಡಿಯುವುದಿಲ್ಲ. ಬಾಗಲಕೋಟೆಯವರು ಬಾದಾಮಿಗೋ ಹುನಗುಂದಕ್ಕೋ ಹೋಗುತ್ತಾರೆ, ಬಾದಾಮಿಯವರು ಬಾಗಲಕೋಟೆಗೆ ಬರುತ್ತಾರೆ. ಇಳಕಲ್ಲಿನವರು ಹುನಗುಂದಕ್ಕೆ, ಹುನಗುಂದದವರು ಇಳಕಲ್ಲಿಗೋ ಬಾಗಲಕೋಟೆಗೋ. ಶನಿವಾರ ಮಧ್ಯಾಹ್ನ ಬಾಗಲಕೋಟೆ-ಹುನಗುಂದ ದಾರಿಯಲ್ಲಿ, ಅಮೀನಗಡದ ಕರದಂಟಿನ ಅಂಗಡಿಯ ಮುಂದೆ ನಿಂತರೆ ಎರಡೂ ದಿಕ್ಕಿನಿಂದ ಹೆಲ್ಮೆಟ್ಟು ಹಾಕಿದ ಗೃಹಸ್ಥರು ಹಾದು ಹೋಗುವುದನ್ನು ಕಾಣಬಹುದು. ಬೇರೆ ಯಾವ ಕೆಲಸಕ್ಕೂ ಹೆಲ್ಮೆಟ್ಟು ಹಾಕದ ಜನ ಅವರು.

ಆದ್ದರಿಂದ ನನ್ನ ಅಂಕಗಳ ಲೆಕ್ಕವೂ ಬೇರೆಯಾಗಿತ್ತು. ಒಟ್ಟು ಹತ್ತು ಅಂಕ. ಬಿಯರಿನ ತಂಪಿಗೆ ಎರಡು, ಶೇಂಗಾ, ಸೌತೆಕಾಯಿ, ಮೊಟ್ಟೆ ಮುಂತಾದ ಪಕ್ಕವಾದ್ಯಕ್ಕೆ ಎರಡು, ಫ್ಯಾನು ಕುರ್ಚಿ ವಾಸನೆ ಎಲ್ಲ ಸೇರಿ ಒಂದು. ಉಳಿದ ಐದು ಅಂಕ ಮರೆಗೆ. ಅಂದರೆ, ನಮ್ಮನ್ನು ಯಾರೂ ನೋಡದಂತೆ, ನೋಡಿದರೂ ಗುರುತಿಸದಂತೆ, ಗುರುತಿಸಿದರೂ ಮಾತಾಡಿಸದಂತೆ ಆ ಬಾರು ಎಷ್ಟು ಚೆನ್ನಾಗಿ ಬಚ್ಚಿಡುತ್ತದೆ ಎಂಬುದಕ್ಕೆ. ಮೊದಮೊದಲು ಉಳಿದುಹೋದ ಉತ್ತರಪತ್ರಿಕೆಯ ಹಾಳೆಗಳಲ್ಲಿ ಬರೆಯುತ್ತಿದ್ದೆ. ಆಮೇಲೆ ಫೋನಿನ ನಕಾಶೆಯಲ್ಲಿ ಸುಳ್ಳು ಹೆಸರಿನಿಂದ ಬರೆದು ಹಾಕತೊಡಗಿದೆ. ನನ್ನ ಇತಿಹಾಸದ ಲೇಖನಗಳನ್ನು ಓದದ ಜಗತ್ತು ಇವನ್ನು ಓದಿತು. ಹೆಬ್ಬೆರಳ ಚಿತ್ರಗಳು ಬಂದವು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಬಾದಾಮಿಯ ಒಂದು ಬಾರಿನಲ್ಲಿ ‘ಫ್ಯಾಮಿಲಿ ರೂಮ್’ ಎಂಬ ಫಲಕವಿತ್ತು. ಯಾವ ಫ್ಯಾಮಿಲಿಯೂ ಆ ಬಾಗಿಲು ತುಳಿದದ್ದನ್ನು ನಾನು ಕಾಣೆ. ಅಲ್ಲಿ ಫ್ಯಾಮಿಲಿಗೆ ಹೆದರಿದವರು ಕೂಡುತ್ತಿದ್ದರು. ಅದಕ್ಕೆ ಮರೆಯಲ್ಲಿ ನಾಲ್ಕು ಅಂಕ ಕೊಟ್ಟೆ. ಒಂದು ಅಂಕ ಕಡಿಮೆ ಮಾಡಿದ್ದು ಏಕೆಂದರೆ ಕಿಟಕಿಯಿಂದ ಗುಹೆಗಳ ಗುಡ್ಡ ಕಾಣುತ್ತಿತ್ತು, ನಾವು ಅದನ್ನು ಕಂಡರೆ ಅದೂ ನಮ್ಮನ್ನು ಕಂಡ ಹಾಗೆ ಎಂದು ಗುರುಸಿದ್ದಪ್ಪ ತಕರಾರು ತೆಗೆದ. ಆ ಗುಡ್ಡದ ಮೂರನೆಯ ಗುಹೆಯ ಕಂಬಗಳ ತಲೆಯ ಮೇಲೆ ಜೋಡಿಗಳನ್ನು ಕೆತ್ತಿದ್ದಾರೆ. ಅವರಲ್ಲಿ ಒಬ್ಬಾಕೆ ಕುಡಿದು ತೂರಾಡುತ್ತಿದ್ದಾಳೆ, ಪಕ್ಕದವರು ಅವಳ ಸೊಂಟಕ್ಕೆ ಕೈಕೊಟ್ಟು ಹಿಡಿದಿದ್ದಾರೆ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ಪಂಡಿತರು ಬೇರೆ ಅರ್ಥ ಹೇಳಲಿ, ನನ್ನದೇನೂ ಅಡ್ಡಿಯಿಲ್ಲ. ವಿಷ್ಣುವಿನ ಮನೆಯ ಪಡಸಾಲೆಯಲ್ಲಿ, ಬಂದವರೆಲ್ಲ ಕತ್ತೆತ್ತಿ ನೋಡುವ ಜಾಗದಲ್ಲಿ ಆಕೆಯನ್ನು ನಿಲ್ಲಿಸಿದ್ದಾರೆ. ತರಗತಿಯಲ್ಲಿ ಅದನ್ನು ‘ಚಾಲುಕ್ಯರ ಜೀವನಪ್ರೀತಿ’ ಎಂದು ಬರೆಸುತ್ತೇನೆ, ಐದು ಅಂಕದ ಪ್ರಶ್ನೆ. ಬರೆಸಿ, ಶನಿವಾರ ಹೋಗಿ ಪರದೆಯ ಹಿಂದೆ ಕೂಡುತ್ತಿದ್ದೆ.

ಬಾದಾಮಿಗೆ ಹೋಗಲು ಮನೆಯಲ್ಲಿ ನೆಪ ಬೇಕಲ್ಲ. ಬನಶಂಕರಿ ಇದ್ದಳು. ಬಾದಾಮಿಯಿಂದ ಸ್ವಲ್ಪವೇ ದೂರಕ್ಕೆ ಚೊಳಚಗುಡ್ಡ, ಅಲ್ಲಿ ಆಕೆಯ ಗುಡಿ. ಬನಶಂಕರಿಗೆ ಹೋಗಿ ಬರುತ್ತೇನೆ ಎಂದರೆ ಯಾವ ಹೆಂಡತಿ ಬೇಡ ಎಂದಾಳು? ನಾವು ಸುಳ್ಳು ಹೇಳುವವರಲ್ಲ, ಮೊದಲು ಗುಡಿಗೆ ಹೋಗಿಯೇ ಹೋಗುತ್ತಿದ್ದೆವು. ಕೈಮುಗಿದು, ಸಾಕ್ಷಿಗೆಂದು ಒಂದೊಂದು ಪೊಟ್ಟಣ ಕುಂಕುಮ ತೆಗೆದುಕೊಂಡು ಆಮೇಲೆ ಬಾರಿಗೆ. ಕಿಸೆಯಲ್ಲಿ ಕುಂಕುಮ, ಬಾಯಲ್ಲಿ ಏಲಕ್ಕಿ, ಹೀಗೆ ಮನೆ ಸೇರುತ್ತಿದ್ದೆವು.

ಗುರುಸಿದ್ದಪ್ಪನ ಸಿದ್ಧತೆ ನನಗಿಂತ ದೊಡ್ಡದು. ಬಾರಿನ ಹತ್ತಿರ ಎಲ್ಲಾದರೂ ಮರೆಯಲ್ಲಿ ಗಾಡಿ ನಿಲ್ಲಿಸಿ, ಕರವಸ್ತ್ರ ಒದ್ದೆ ಮಾಡಿ ಹಣೆಯ ವಿಭೂತಿ ಒರೆಸಿಕೊಳ್ಳುತ್ತಿದ್ದ. ಆಮೇಲೆ ಫೋನು, ಪಾಕೀಟು ಎಲ್ಲವನ್ನೂ ಸ್ಕೂಟರಿನ ಸೀಟಿನ ಕೆಳಗಿಟ್ಟು ಕೀಲಿ ಹಾಕುತ್ತಿದ್ದ. ಕುಡಿಯುವಷ್ಟು ನೋಟು ಮಾತ್ರ ಜೇಬಿನಲ್ಲಿ, ಖಣದ ತುಂಡಿನ ಹಿಂದೆ. ಫೋನು ಒಳಗೆ ಒಯ್ಯದಿರಲು ಕಾರಣವಿತ್ತು. ಒಮ್ಮೆ ಬಾರಿನಲ್ಲಿ ಹಾಡು ಗಟ್ಟಿಯಾಗಿ ಹಾಕಿದ್ದಾಗ ಅವನ ಹೆಂಡತಿ ಶಾಂತವ್ವ ವೈನಿ ಫೋನು ಮಾಡಿದರು. ಇವನು ಗಾಬರಿಯಾಗಿ, ಒಂದು ಮದುವೆಯಲ್ಲಿದ್ದೇನೆ ಎಂದುಬಿಟ್ಟ.

“ಯಾರ ಮದುವಿರಿ?” ಎಂದರು ವೈನಿ.

ಬಾಯಿಗೆ ಬಂದ ಒಂದು ಮನೆತನದ ಹೆಸರು ಹೇಳಿದ. ನಮ್ಮನ್ನು ಕರೆಯದೆ ಮದುವೆ ಮಾಡಿದರಲ್ಲ ಎಂದು ವೈನಿ ಆ ಮನೆಯವರೊಡನೆ ಎರಡು ತಿಂಗಳು ಮಾತು ಬಿಟ್ಟರು. ಪಾಪ, ಆ ಮನೆಯಲ್ಲಿ ಮದುವೆಗೆ ಬಂದ ಮಕ್ಕಳೇ ಇರಲಿಲ್ಲ. ಅಂದಿನಿಂದ ಫೋನು ಸೀಟಿನ ಕೆಳಗೆ ಹೋಯಿತು. ನಾನು ಇದನ್ನು ಎಷ್ಟೋ ಸಲ ಹೇಳಿ ನಕ್ಕಿದ್ದೇನೆ.

ಹಾಗೆ ಹುಡುಕುತ್ತ ಹುಡುಕುತ್ತ ಹುನಗುಂದದ ಹೊರಗೆ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಬಾರು ಸಿಕ್ಕಿತು. ಹೆಸರು ಬೇಡ. ಅದಕ್ಕೆ ನಾನು ಬರೆದದ್ದನ್ನು ಅಕ್ಷರಶಃ ಇಲ್ಲಿ ಕೊಡುತ್ತೇನೆ, ನನಗೆ ಅದು ಬಾಯಿಪಾಠವಾಗಿದೆ: ‘ಬಿಯರು ಸಾಧಾರಣ. ಶೇಂಗಾ ಹದವಾಗಿ ಹುರಿದದ್ದು. ಕೊನೆಯ ಕ್ಯಾಬಿನ್ನು ಅತ್ಯುತ್ತಮ. ದಪ್ಪ ಪರದೆ. ಗಂಟೆ ಒತ್ತುವ ತನಕ ಯಾರೂ ಇಣುಕುವುದಿಲ್ಲ. ಒಳಗಿರುವವನು ಬದುಕಿದ್ದಾನೋ ಸತ್ತಿದ್ದಾನೋ ಎಂದೂ ಕೇಳುವುದಿಲ್ಲ. ಮರೆಗೆ ಐದಕ್ಕೆ ಐದು.’

ಮರೆಗೆ ಪೂರ್ತಿ ಅಂಕ ಪಡೆದ ಬಾರು ಅದೊಂದೇ. ಸತ್ತಿದ್ದಾನೋ ಎಂಬ ಮಾತನ್ನು ಬರೆದಾಗ ಗುರುಸಿದ್ದಪ್ಪ ಪಕ್ಕದಲ್ಲೇ ಇದ್ದ, ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಲೇ, ಖರೇನ ಭಾರಿ ಬರದೀಲೆ” ಎಂದ.

ಕಳೆದ ಬೇಸಿಗೆಯಲ್ಲಿ ನಾನು ಮೌಲ್ಯಮಾಪನದ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದೆ. ಒಂದು ಬೆಳಿಗ್ಗೆ ಅವನ ಫೋನು. ಇಳಕಲ್ಲಿನ ಸೀರೆ ಅಂಗಡಿಗೆ ಖಣ ಕೊಡಲು ಹೊರಟಿದ್ದೇನೆ, ಬರುವಾಗ ನಿನ್ನ ಐದಕ್ಕೆ ಐದರಲ್ಲಿ ಒಂದು ತಾಸು ಕೂತು ಬರುತ್ತೇನೆ, ಬಿಸಿಲು ಭಾಳ ಇದೆ ಎಂದ. ಎದೆಯಲ್ಲಿ ಯಾಕೋ ಹಿಡಿದ ಹಾಗೆ ಆಗಿದೆ, ನಿನ್ನೆಯ ಮಿರ್ಚಿ ಭಜಿ ಇರಬೇಕು ಎಂದೂ ಹೇಳಿದ. ನನ್ನ ಮುಂದೆ ಉತ್ತರಪತ್ರಿಕೆಗಳ ಗಂಟು ಇತ್ತು. “ಸೋಡಾ ಕುಡಿ, ಹೋಗತೇತಿ” ಎಂದೆ. ಕೊನೆಯ ಕ್ಯಾಬಿನ್ನೇ ಹಿಡಿ ಎಂದೂ ಹೇಳಿದೆ.

ಅವನು ಕೊನೆಯ ಕ್ಯಾಬಿನ್ನೇ ಹಿಡಿದ. ಹನ್ನೆರಡೂವರೆಗೆ ಒಳಗೆ ಹೋದವನು ಒಂದು ಬಾಟಲಿ ತರಿಸಿಕೊಂಡ. ಆಮೇಲೆ ಗಂಟೆ ಒತ್ತಲಿಲ್ಲ. ನಾಲ್ಕಕ್ಕೆ ಫ್ಯಾನು ಬಂದ್ ಮಾಡಲು ಬಡಿಸುವವನು ಪರದೆ ಸರಿಸಿದಾಗ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದ. ಅರ್ಧ ಬಾಟಲಿ ಹಾಗೆಯೇ ಇತ್ತು. ದವಾಖಾನೆಗೆ ಒಯ್ದಾಗ ಡಾಕ್ಟರು, ಹೃದಯಾಘಾತ, ಒಂದೆರಡು ತಾಸು ಮೊದಲೇ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು.

ಯಾರಿವನು? ಯಾರಿಗೂ ಗೊತ್ತಿಲ್ಲ. ಹಣೆಯಲ್ಲಿ ವಿಭೂತಿಯಿಲ್ಲ, ಕೈಯಲ್ಲಿ ಫೋನಿಲ್ಲ, ಜೇಬಿನಲ್ಲಿ ಹೆಸರು ಬರೆದ ಒಂದು ಚೀಟಿಯೂ ಇಲ್ಲ. ಗಾಡಿಯನ್ನು ದಾರಿಯವರಿಗೆ ಕಾಣದಿರಲೆಂದು ಎಲ್ಲೋ ಬೇವಿನ ಗಿಡದ ಹಿಂದೆ ನಿಲ್ಲಿಸಿದ್ದ. ಸಿಕ್ಕದ್ದು ಖಣದ ತುಂಡು. ದವಾಖಾನೆಯಲ್ಲಿ ಕಸ ಹೊಡೆಯುವ ಒಬ್ಬ ಅಜ್ಜಿ ಅದನ್ನು ನೋಡಿ, ಇದು ಗುಳೇದಗುಡ್ಡದ ಖಣ, ಅಲ್ಲಿಗೆ ಕೇಳಿರಿ ಎಂದಳಂತೆ. ಆ ತುಂಡಿನ ಚಿತ್ರ ತೆಗೆದು ಅಲ್ಲಿನ ನೇಕಾರರಿಗೆ ಕಳಿಸಿದರು. ಅಂಚಿನ ಹೂವು ನೋಡಿ, ಇದು ನಮ್ಮ ಮಗ್ಗದ್ದು, ಗುರುಸಿದ್ದಪ್ಪ ಒಯ್ದಿದ್ದ ಎಂದು ಒಬ್ಬರು ಹೇಳುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಅಲ್ಲಿಯವರೆಗೆ ನನ್ನ ಗೆಳೆಯ ಹೆಸರಿಲ್ಲದ ಒಂದು ಹೆಣ.

ಹದಿಮೂರು ದಿನ ಕಳೆದ ಮೇಲೆ ನಾನೊಬ್ಬನೇ ಆ ಬಾರಿಗೆ ಹೋದೆ. ಏಕೆ ಹೋದೆ ಎಂದು ಕೇಳಬೇಡಿ. ಬಡಿಸುವವನ ಹೆಸರು ಹನಮಂತ, ಐವತ್ತರ ಮೇಲಿನ ವಯಸ್ಸು. ಬಿಯರು ಬೇಡ, ಸೋಡಾ ಕೊಡು ಎಂದು ಆ ದಿನದ ಮಾತು ತೆಗೆದೆ. ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

“ಎರಡು ಸಲ ಪರದೆ ಮಟಾ ಬಂದಿದ್ನಿರಿ, ಸಾಹೇಬ್ರ. ಕೈಯೂ ಹಚ್ಚಿದ್ದೆ. ಗಂಟಿ ಒತ್ತಿಲ್ಲಲ್ಲ ಅಂತ ಹೊಳ್ಳಿ ಹೋದೆ. ನಮ್ಮ ಮಾಲಕ ಹೇಳ್ಯಾರ, ಯಾರೋ ಪುಣ್ಯಾತ್ಮ ಫೋನಿನ್ಯಾಗ ಬರದಾನಂತ, ಇಲ್ಲೆ ಯಾರೂ ಇಣಕೂದಿಲ್ಲ ಅಂತ. ಅದನ್ನ ಓದಿ ಭಾಳ ಮಂದಿ ಬರಾಕತ್ತಾರ, ಹನಮಂತ, ಹೆಸರ ಕೆಡಸಬ್ಯಾಡ ಅಂದಿದ್ರು.”

ನಾನು ಸೋಡಾ ಕುಡಿಯಲಿಲ್ಲ. ಪುಣ್ಯಾತ್ಮ ನಾನೇ ಎಂದು ಹೇಳಲೂ ಇಲ್ಲ. ಬಾಗಲಕೋಟೆಗೆ ಬರುವವರೆಗೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ಅತ್ತೆ. ಪಕ್ಕದವನು, ಕುಡಿದಿರಬೇಕು ಎಂದುಕೊಂಡು ಬೇರೆ ಸೀಟಿಗೆ ಹೋದ.

ಹಳೆಯ ಬಾಗಲಕೋಟೆಯಲ್ಲಿ, ಆಲಮಟ್ಟಿಯ ಹಿನ್ನೀರು ಬರುವ ಮೊದಲು, ಪೇಟೆಯ ನಡುವೆಯೇ ಒಂದು ಬಾರಿತ್ತು. ಬಾಗಿಲು ಬೀದಿಗೇ ತೆರೆದಿತ್ತು, ಒಂದು ಕಡೆ ಭಾಂಡೆ ಪಾತ್ರೆಯ ಅಂಗಡಿ, ಇನ್ನೊಂದು ಕಡೆ ದರ್ಜಿ. ಅಲ್ಲಿ ಕುಡಿಯುವವರ ಹೆಸರು, ಅವರಪ್ಪನ ಹೆಸರು, ಎಷ್ಟನೆಯ ಗ್ಲಾಸಿಗೆ ಅಳುತ್ತಾರೆ ಎಂಬುದೂ ಓಣಿಗೆಲ್ಲ ಗೊತ್ತು. ದವಾಖಾನೆಯ ಕಂಪೌಂಡರನೊಬ್ಬ ವಾರಕ್ಕೊಮ್ಮೆಯಾದರೂ ಅಲ್ಲಿ ಕುಸಿಯುತ್ತಿದ್ದ. ದರ್ಜಿ ಅರ್ಧ ಹೊಲಿದ ಅಂಗಿ ಬದಿಗಿಟ್ಟು, ಬೈಯುತ್ತಲೇ ಅವನನ್ನು ಎಬ್ಬಿಸಿ ಮನೆ ಮುಟ್ಟಿಸುತ್ತಿದ್ದ. ನಾನು ಅದನ್ನು ನೋಡಿ ಬೆಳೆದವನು, ಇಂಥ ನಾಚಿಕೆಗೇಡು ನನಗೆ ಬಾರದಿರಲಿ ಎಂದು ಆಗಲೇ ನಿಶ್ಚಯಿಸಿದವನು. ಆ ಬಾರಿಗೆ ಈಗ ಅಂಕ ಕೊಡುವಂತಿಲ್ಲ, ನೀರಿನ ಕೆಳಗಿದೆ. ಕೊಟ್ಟಿದ್ದರೆ ಮರೆಗೆ ಸೊನ್ನೆ ಹಾಕುತ್ತಿದ್ದೆ. ಆ ಕಂಪೌಂಡರ್ ಮಾತ್ರ ಎಂಬತ್ತು ದಾಟಿ, ಮೊಮ್ಮಕ್ಕಳ ನಡುವೆ, ತನ್ನ ಮನೆಯಲ್ಲೇ ಸತ್ತ.

ಶಾಂತವ್ವ ವೈನಿಗೆ ಹೇಳಬೇಕಿತ್ತು. ಅವರು ಮಣ್ಣು ಕೊಟ್ಟ ದಿನವೇ ನನ್ನನ್ನು ಕೇಳಿದ್ದರು, ಇಳಕಲ್ಲಿಗೆ ಹೋದವರು ಹುನಗುಂದದಲ್ಲಿ ಆ ಜಾಗಕ್ಕೆ ಹೇಗೆ ಹೋದರು ಸರ್ರ, ಅವರಿಗೆ ಅದನ್ನು ತೋರಿಸಿದವರು ಯಾರು ಎಂದು. ನಾನು ನೆಲ ನೋಡಿದ್ದೆ. ಇಡೀ ಮಳೆಗಾಲ ಅವರ ಓಣಿಯ ತಿರುವಿನವರೆಗೆ ಹೋಗಿ ಹಿಂದಿರುಗಿದೆ. ಮಗ್ಗಗಳ ಸದ್ದು ಕೇಳಿಸಿದ ಕೂಡಲೇ ಕಾಲು ನಿಲ್ಲುತ್ತಿತ್ತು. ಕೊನೆಗೆ ಒಂದು ಭಾನುವಾರ ಹೋಗಿ, ಅವರು ಕೊಟ್ಟ ಚಹಾ ಮುಟ್ಟದೆ, ಎಲ್ಲವನ್ನೂ ಹೇಳಿದೆ. ಅಂಕ ಹಾಕಿದ್ದು, ಬರೆದದ್ದು, ಸೋಡಾ ಕುಡಿ ಎಂದದ್ದು, ಕೊನೆಯ ಕ್ಯಾಬಿನ್ನೇ ಹಿಡಿ ಎಂದದ್ದು. “ವೈನಿ, ಅವನನ್ನ ಅಲ್ಲಿಗೆ ಕಳಿಸಿದಾವ ನಾನ” ಎಂದೆ.

ಅವರು ಎದ್ದು ದೇವರ ಜಗುಲಿಯಿಂದ ಒಂದು ಸ್ಟೀಲಿನ ಡಬ್ಬಿ ತಂದು ನನ್ನ ಮುಂದಿಟ್ಟು ಮುಚ್ಚಳ ತೆಗೆದರು. ಕುಂಕುಮ. ಬಾಯಿಮಟ್ಟ ತುಂಬಿತ್ತು.

“ಅಮಾಸಿ ಇಲ್ಲ, ಹುಣ್ಣಿವಿ ಇಲ್ಲ, ಮ್ಯಾಲಿಂದ ಮ್ಯಾಲೆ ಬನಶಂಕರಿ ಕುಂಕುಮ ಬರತಿತ್ತು” ಎಂದರು. “ನನಗ ಗೊತ್ತಾಗೂದಿಲ್ಲೇನ್ರಿ, ಸರ್ರ? ಓಣಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲ ಅಂತ ತಿಳಕೊಂಡವರು ನೀವಿಬ್ಬರ. ಒಂದು ಬಾಟ್ಲಿ ಕುಡದ ಬಂದು ಏಲಕ್ಕಿ ಅಗೀತಿದ್ರು, ನಾ ಮಾರಿ ಆಕಡೆ ತಿರುಗಿಸಿ ನಗತಿದ್ದೆ.”

ನನಗೆ ತಲೆ ಎತ್ತಲಾಗಲಿಲ್ಲ. ಅವರೇ ಮುಂದುವರಿಸಿದರು.

“ಆ ದಿನ ಬಾಜೂಕ ನಮ್ಮ ಊರವರ ಇಬ್ಬರು ಕುಂತಿದ್ರಂತ. ಇವರನ್ನ ಹೊತಗೊಂಡು ಹೊಂಟಾಗ ನೋಡ್ಯಾರ, ಗುರುತೂ ಹಿಡದಾರ. ನಾವು ಬಲ್ಲಿವಿ ಅಂದ್ರ ನೀವ್ಯಾಕ ಇಲ್ಲಿದ್ರಿ ಅಂತ ಕೇಳ್ತಾರಲ್ಲ, ಅದಕ್ಕ ಹಿಂದಿನ ಬಾಗಲಿಂದ ಹೋದ್ರಂತ. ಅವರಾಗ ಒಬ್ಬಾಂವ ಬಂದು ನನ್ನ ಕಾಲ ಹಿಡಕೊಂಡು ಅತ್ತ. ನಾ ಏನೂ ಅನಲಿಲ್ಲ. ನಿಮಗೂ ಏನೂ ಅನೂದಿಲ್ಲ. ಆದ್ರ ಇಲ್ಲೇ ನಮ್ಮ ಊರಾಗ, ನಮ್ಮ ಬಜಾರದಾಗ ಕುಂತು ಕುಡದಿದ್ರ, ಯಾರರ ಎತ್ತಿ ತಂದು ಈ ಕಟ್ಟಿಮ್ಯಾಲೆ ಮಲಗಸ್ತಿದ್ರು. ನಾ ಎರಡು ಬೈತಿದ್ದೆ, ದವಾಖಾನಿಗೆ ಒಯ್ತಿದ್ದೆ. ಅಷ್ಟ ಆಗತಿತ್ತು.”

ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ಕೇಳಿದರು, “ಇಷ್ಟು ಕುಂಕುಮ ತಗೊಂಡು ಈಗ ನಾ ಏನ ಮಾಡ್ಲಿ, ಹೇಳ್ರಿ.”

ಮುಟ್ಟದೆ ಬಿಟ್ಟ ಚಹಾ ಆರಿತ್ತು, ಅದನ್ನೇ ಕುಡಿದು ಎದ್ದೆ.

ಮನೆಗೆ ಬಂದು ನೇರ ದೇವರ ಮಾಡದ ಕಡೆ ಹೋದೆ. ನಮ್ಮದು ಸ್ಟೀಲಿನದಲ್ಲ, ಪ್ಲಾಸ್ಟಿಕ್ಕಿನ ಬರಣಿ. ಅದೂ ತುಂಬಿತ್ತು, ಸಾಲದೆಂದು ಪಕ್ಕದಲ್ಲಿ ಒಡೆಯದ ಪೊಟ್ಟಣಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದಳು. ಮನೆಯಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನಾನು ಅಷ್ಟು ನಾಚಿದ್ದು ಅದೇ ಮೊದಲು, ಅಷ್ಟು ಹಗುರಾದದ್ದೂ ಆಗಲೇ.

ಹುನಗುಂದದ ಬಾರಿನ ಮೇಲೆ ಬರೆದದ್ದನ್ನು ಅಳಿಸಿದೆ. ಉಳಿದ ಹದಿನೆಂಟನ್ನೂ ಅಳಿಸಿದೆ. ಅಳಿಸಿದರೆ ಆದದ್ದು ಆಗಲಿಲ್ಲವೆಂದಾಗುವುದಿಲ್ಲ, ಇತಿಹಾಸದ ಮಾಸ್ತರನಿಗೆ ಅಷ್ಟು ಗೊತ್ತು. ಆದರೆ ಕಳೆದ ಶನಿವಾರ ಮಧ್ಯಾಹ್ನ, ಗುರುಸಿದ್ದಪ್ಪನ ನೆನಪು ಬಹಳವಾಗಿ, ಅಂಗಿ ತೊಟ್ಟು ಹೊರಟೆ.

“ಎಲ್ಲಿಗೆ?” ಎಂದಳು ಮನೆಯಾಕೆ.

“ಬಾರಿಗೆ. ಇಲ್ಲೇ, ಬಸ್‌ಸ್ಟ್ಯಾಂಡಿನ ಹಿಂದ.”

ಆಕೆ ಒಳಗೆ ಹೋಗಿ ಫೋನು ತಂದು ಜೇಬಿಗೆ ಹಾಕಿದಳು. “ತಗೊಂಡ ಹೋಗ್ರಿ. ನಾ ಹಚ್ಚತೇನಿ, ಎತ್ತಬೇಕು” ಎಂದಳು.

ನವನಗರದ ಆ ಬಾರಿನಲ್ಲಿ ಬಾಗಿಲಿಗೆ ಹತ್ತಿದ ಮೇಜಿಗೆ ಕೂತೆ. ಬೆನ್ನಲ್ಲೆಲ್ಲ ಬೆವರು. ಮೊದಲು ಬಂದವನು ನಮ್ಮ ಕಾಲೇಜಿನ ಗುಮಾಸ್ತ, ಬೆಚ್ಚಿಬಿದ್ದು ನಮಸ್ಕಾರ ಮಾಡಿದ. ಆಮೇಲೆ ನನ್ನ ಹಳೆಯ ವಿದ್ಯಾರ್ಥಿ, ಈಗ ವಕೀಲ. ಆಮೇಲೆ ಎದುರು ಮನೆಯ ಹಾಲಿನವರು, ದಾರಿಯಿಂದಲೇ ಕೈ ಎತ್ತಿದರು. ಎದುರಿನ ಖಾಲಿ ಕುರ್ಚಿಯ ಮುಂದೆ ಇನ್ನೊಂದು ಗ್ಲಾಸು ಇಡಿಸಿದ್ದೆ. ಅದನ್ನು ನೋಡಿ ಯಾರೂ ಏನೂ ಕೇಳಲಿಲ್ಲ, ಅವರಿಗೂ ಎಲ್ಲ ಗೊತ್ತಿತ್ತು. ಅರ್ಧ ಬಾಟಲಿಗೆ ಮನೆಯಾಕೆಯ ಫೋನು ಬಂತು. ಹಾಡು ಗಟ್ಟಿಯಾಗಿತ್ತು. ಎತ್ತಿ, “ಇದ್ದೇನಿ” ಎಂದೆ.

ಸುಳ್ಳು ಹೆಸರು ತೆಗೆದು, ಸ್ವಂತ ಹೆಸರಿನಲ್ಲಿ ಅಲ್ಲಿಯೇ ಕೂತು ಬರೆದೆ: ‘ಬಿಯರು ತಂಪಿಲ್ಲ. ಶೇಂಗಾ ಮುಗ್ಗು ಹಿಡಿದಿದೆ. ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ. ಮರೆ ಎಳ್ಳಷ್ಟೂ ಇಲ್ಲ. ಒಂದು ತಾಸಿನಲ್ಲಿ ಮೂರು ಮಂದಿ ನನ್ನ ಗುರುತು ಹಿಡಿದರು. ಹತ್ತಕ್ಕೆ ಹತ್ತು.’